ಹಾಲಿಗೆ ಹುಳಿ ಬಂದದ್ದು ಹೇಗೆ

ಲೋಕ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದು ಅಂದರೆ, ಎಲ್ಲಿ ಕೂರಬೇಕು ಅಂತ ಬೆಟ್ಟಗಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಹೊಳೆ ಬೆಳಿಗ್ಗೆ ಒಂದು ಕಡೆ ಹರಿದರೆ ಸಂಜೆ ಇನ್ನೊಂದು ಕಡೆ ಹರಿಯುತ್ತಿತ್ತು. ಗಾಳಿ, ಬೆಂಕಿ, ಎಮ್ಮೆ ಎಲ್ಲರೂ ಮಾತಾಡುತ್ತಿದ್ದರು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿತ್ತು. ನಗಬೇಡ ಇಂಪನಾ. ಕಥೆ ಕೇಳಬೇಕು ಅಂತ ಕೂತವಳು ನೀನು, ನಾನೇನು ಕರೆದಿರಲಿಲ್ಲ.

ಆ ಹೊಸ ಲೋಕದಲ್ಲಿ ಕಣ್ಣಿಗೆ ಕಾಣದ ಮಂದಿಯೂ ಇದ್ದರು. ಒಂದು ಸಾಸಿವೆ ಕಾಳಿನ ಮೇಲೆ ಅವರದೊಂದು ಊರೇ ಕೂರಬಹುದು, ಅಷ್ಟು ಸಣ್ಣವರು. ನಿಮ್ಮ ಮೇಷ್ಟ್ರು ಅವರನ್ನು ಬ್ಯಾಕ್ಟೀರಿಯಾ ಅಂತಾರೆ, ಅನ್ನಲಿ. ನಮ್ಮಜ್ಜಿ ಕಾಣದ ಮಂದಿ ಅಂತಿದ್ದಳು, ನಾನೂ ಹಾಗೇ ಅಂತೀನಿ.

ಕಾಣದ ಮಂದಿಗೆ ತಿನ್ನುವುದೇ ಕೆಲಸ. ಹಾಲು ಸಿಕ್ಕರೆ ಹಾಲು, ಅನ್ನ ಸಿಕ್ಕರೆ ಅನ್ನ. ತಿಂದವರು ಏನಾದರೂ ಹೊರಗೆ ಹಾಕಲೇಬೇಕಲ್ಲ? ಎಮ್ಮೆ ಹುಲ್ಲು ತಿಂದು ಸಗಣಿ ಹಾಕುತ್ತೆ. ನೀನೂ ಊಟ ಮಾಡಿ ಏನು ಮಾಡ್ತೀಯ ಅಂತ ಇಲ್ಲಿ ಹೇಳೋದು ಬೇಡ. ಹಾಗೇ ಅವರೂ ಯಾವುದನ್ನು ತಿಂದರೋ ಅದರೊಳಗೇ ಏನೋ ಒಂದು ಬಿಟ್ಟು ಹೋಗುತ್ತಿದ್ದರು. ಕೆಲವರು ಬಿಟ್ಟದ್ದರಿಂದ ನಮಗೆ ಕೆಟ್ಟದ್ದೇನೂ ಆಗುತ್ತಿರಲಿಲ್ಲ, ಒಳ್ಳೆಯದೇ ಆಗುತ್ತಿತ್ತು. ಕೆಲವರು ಬಿಟ್ಟದ್ದು ಮಾತ್ರ ವಿಷ.

ತೊಂದರೆ ಏನು ಅಂದರೆ, ಆ ಕಾಲದಲ್ಲಿ ಅವರು ಬಿಟ್ಟದ್ದಕ್ಕೆ ವಾಸನೆಯೂ ಇರಲಿಲ್ಲ, ರುಚಿಯೂ ಇರಲಿಲ್ಲ. ಬೆಳಿಗ್ಗೆ ಕರೆದ ಹಾಲು ಸಂಜೆಗೂ ಬೆಳ್ಳಗೆ, ಸಿಹಿಯಾಗೇ ಇರುತ್ತಿತ್ತು. ಮಾರನೆಯ ದಿನವೂ ಹಾಗೇ. ಹೊಟ್ಟೆ ಹಿಡಿದುಕೊಂಡು ಹೊರಳಾಡುವಾಗಲೇ ಗೊತ್ತಾಗಬೇಕು, ಕುಡಿದ ಹಾಲು ಕೆಟ್ಟಿತ್ತು ಅಂತ. ಆಗ ಗೊತ್ತಾಗಿ ಏನು ಪ್ರಯೋಜನ, ಹೇಳು.

ಹೊಳೆಯ ದಡದಲ್ಲಿ ಒಂದು ಗುಡಿಸಲಿತ್ತು. ಅದರಲ್ಲಿ ಕೆಂಪಾಜಿ ಅಂತ ಒಬ್ಬ ಹೆಂಗಸು, ಅವಳ ಅತ್ತೆ ದುಂಡವ್ವ, ಮಗಳು ಚಿಕ್ಕತಾಯಿ. ಕೆಂಪಾಜಿಯ ಗಂಡ ಉಪ್ಪು ತರುತ್ತೇನೆ ಅಂತ ಸಮುದ್ರದ ಕಡೆ ಹೋದವನು ಇನ್ನೂ ಬಂದಿರಲಿಲ್ಲ. ಮನೆಗೆ ಇದ್ದದ್ದು ಒಂದೇ ಎಮ್ಮೆ, ಅದೂ ಬೆಳಿಗ್ಗೆ ಮಾತ್ರ ಹಾಲು ಕೊಡುತ್ತಿತ್ತು. ಸಂಜೆ ಹತ್ತಿರ ಹೋದರೆ ಒದೆಯುತ್ತಿತ್ತು.

ಕೆಂಪಾಜಿಗೆ ಚಿಕ್ಕತಾಯಿಗಿಂತ ಮುಂಚೆ ಇನ್ನೊಂದು ಮಗು ಇತ್ತು. ಸಂಜೆಯ ಹಾಲು ಕುಡಿದು, ಭೇದಿಯಾಗಿ, ಒಣಗಿ ಹೋಯಿತು. ಈಗ ಚಿಕ್ಕತಾಯಿಗೂ ಅದೇ ಶುರುವಾಗಿತ್ತು. ಬೆಳಿಗ್ಗೆ ಆಗತಾನೆ ಕರೆದ ಹಾಲು ಕೊಟ್ಟರೆ ದಕ್ಕುತ್ತಿತ್ತು. ಅದೇ ಹಾಲನ್ನು ಸಂಜೆಗೆ ಎತ್ತಿಟ್ಟು ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಗಟ್ಟಿ ಊಟ ಮೊದಲೇ ಸೇರದು. ಮಗುವಿನ ತೋಳು ದಿನದಿನಕ್ಕೆ ಸಣ್ಣಗಾಗುತ್ತಿತ್ತು. ಬೆಳಿಗ್ಗೆಯ ಹಾಲೊಂದರಲ್ಲೇ ಮಗು ಉಳಿಯುವುದಿಲ್ಲ ಅಂತ ಕೆಂಪಾಜಿಗೆ ಗೊತ್ತಿತ್ತು. ಸಂಜೆಗೂ ಹೊಟ್ಟೆಯಲ್ಲಿ ನಿಲ್ಲುವಂಥದ್ದು ಏನಾದರೂ ಬೇಕಿತ್ತು, ಅದೂ ಬೇಗ ಬೇಕಿತ್ತು.

ಕೆಂಪಾಜಿ ಮೊದಲು ಎಮ್ಮೆಯ ಹತ್ತಿರ ಹೋದಳು.

"ನಿನ್ನ ಹಾಲು ಕುಡಿದು ನನ್ನ ಮಗೂಗೆ ಹೀಗಾಗ್ತಿದೆಯಲ್ಲೇ?"

ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಲೂ ಇಲ್ಲ. "ನಾನು ಕೊಟ್ಟಾಗ ಚೆನ್ನಾಗೇ ಇತ್ತು. ಆಮೇಲೆ ನಿನ್ನ ಗಡಿಗೆಯಲ್ಲಿ ಏನಾಯ್ತು ಅಂತ ನನ್ನ ಯಾಕೆ ಕೇಳ್ತೀಯ? ನನ್ನ ಕರು ನೇರವಾಗಿ ಕುಡಿಯುತ್ತೆ, ಅದಕ್ಕೇನೂ ಆಗಿಲ್ಲ."

ಮಾತು ಒರಟಾಗಿದ್ದರೂ ನಿಜವಾಗಿತ್ತು. ಕೆಂಪಾಜಿ ಗಾಳಿಯನ್ನು ಕೇಳಿದಳು.

"ಗಾಳಿರಾಯಾ, ನನ್ನ ಗಡಿಗೆಗೆ ಯಾರು ಬಂದು ಹೋಗ್ತಾರಪ್ಪಾ?"

"ಕಾಣದ ಮಂದಿ," ಅಂದಿತು ಗಾಳಿ. "ನಾನೇ ಹೊತ್ತು ತರ್ತೀನಿ. ಮೈಮೇಲೆ ಹತ್ತಿ ಕೂತವರನ್ನ ಇಳೀರಿ ಅನ್ನೋಕೆ ನನಗೆ ಪುರುಸೊತ್ತೆಲ್ಲಿದೆ ತಾಯಿ? ಹೊಳೆಯಲ್ಲೂ ಇದ್ದಾರೆ, ನಿನ್ನ ಕೈಮೇಲೂ ಇದ್ದಾರೆ. ಅವರನ್ನೇ ಕೇಳು."

ಕೆಂಪಾಜಿ ತನ್ನ ಕೈ ನೋಡಿಕೊಂಡಳು. ಏನೂ ಕಾಣಲಿಲ್ಲ. ಆದರೂ ಹೊಳೆಗೆ ಹೋಗಿ ತಿಕ್ಕಿ ತಿಕ್ಕಿ ತೊಳೆದುಕೊಂಡಳು.

"ಇದು ಒಳ್ಳೆ ಕೆಲಸ ಕಣವ್ವಾ, ದಿನಾ ಮಾಡು," ಅಂದಿತು ಹೊಳೆ. "ಅವರ ಹತ್ತಿರ ಮಾತಾಡಬೇಕು ಅಂದ್ರೆ ನೆನ್ನೆ ಹಾಲಿನ ಗಡಿಗೆಗೆ ಕಿವಿ ಇಡು. ತುಂಬಾ ಮಂದಿ ಸೇರಿರ್ತಾರೆ. ಬೈಬೇಡ, ಬೈದ್ರೆ ಸುಮ್ಮನಾಗಿಬಿಡ್ತಾರೆ."

ಕೆಂಪಾಜಿ ಮನೆಗೆ ಬಂದು ನಿನ್ನೆಯ ಹಾಲಿನ ಗಡಿಗೆಯ ಪಕ್ಕ ಕೂತು ಕಿವಿ ಇಟ್ಟಳು. ಒಳಗೆ ಗುಜುಗುಜು. ಮದುವೆ ಮನೆಯ ಪಂಕ್ತಿಯಲ್ಲಿ ಕೂತವರ ಹಾಗೆ ಎಲ್ಲರೂ ಒಟ್ಟಿಗೇ ಮಾತಾಡುತ್ತಾ ತಿನ್ನುತ್ತಿದ್ದರು.

"ಯಾರದು ಒಳಗೆ?"

"ನಾವು."

"ನಾವು ಅಂದ್ರೆ?"

"ನಾವು ಅಂದ್ರೆ ನಾವೇ. ಊಟಕ್ಕೆ ಕೂತಿದ್ದೀವಿ. ಏನಾಗಬೇಕಿತ್ತು?"

ಬೈಯಬಾರದು ಅಂತ ಹೊಳೆ ಹೇಳಿತ್ತು, ಆದರೆ ಹೆತ್ತವಳಿಗೆ ತಡೆಯಲಾಗಲಿಲ್ಲ. "ಏನಾಗಬೇಕಿತ್ತು ಅಂತ ಕೇಳ್ತೀರಾ? ಒಂದು ಮಗು ತಿಂದ್ರಿ. ಇನ್ನೊಂದು ಒಳಗೆ ಮಲಗಿದೆ, ಏಳೋಕೆ ಆಗ್ತಿಲ್ಲ. ನನ್ನ ಎಮ್ಮೆ, ನನ್ನ ಹಾಲು, ನನ್ನ ಗಡಿಗೆ. ಯಾರು ಕರೆದ್ರು ನಿಮ್ಮನ್ನ?"

ಒಳಗೆ ಗದ್ದಲ ನಿಂತಿತು. ಒಂದು ಮೆತ್ತನೆಯ ದನಿ ಮಾತ್ರ ಮಾತಾಡಿತು.

"ತಾಯಿ, ತಿನ್ನೋದು ಬಿಡಿ ಅಂದ್ರೆ ನಾವು ಸಾಯ್ತೀವಿ. ತಿಂದಮೇಲೆ ಹೊರಗೆ ಹಾಕೋದು ಬಿಡಿ ಅಂದ್ರೂ ಸಾಯ್ತೀವಿ. ಸಗಣಿ ಹಾಕಬೇಡ ಅಂತ ನಿನ್ನ ಎಮ್ಮೆಗೆ ಯಾವತ್ತಾದ್ರೂ ಹೇಳಿದ್ದೀಯಾ?"

ಕೆಂಪಾಜಿ ಗಡಿಗೆಯಿಂದ ಕಿವಿ ತೆಗೆದಳು. ಕೂತು ಯೋಚನೆ ಮಾಡಿದಳು. ಅವಳ ಕಡೆ ಒಂದು ಪದ್ಧತಿ ಇತ್ತು, ಅದು ನಮ್ಮಲ್ಲಿ ಇವತ್ತಿಗೂ ಇದೆ. ಇನ್ನೊಬ್ಬರ ಮನೆಯ ಪಾತ್ರೆ ಬಂದರೆ ಬರಿದಾಗಿ ಹಿಂದಕ್ಕೆ ಕೊಡಬಾರದು. ಒಂದು ಚೂರು ಬೆಲ್ಲವೋ ಒಂದು ಹಿಡಿ ಕಾಳೋ ಹಾಕಿಯೇ ಕೊಡಬೇಕು. ಮೊನ್ನೆ ನೀನು ಮೇಲಿನ ಮನೆಯ ಡಬ್ಬಿ ಖಾಲಿ ಕೊಟ್ಟು ಬಂದು ನನ್ನ ಮಾನ ಕಳೆದೆಯಲ್ಲ, ಅದೇ ಪದ್ಧತಿ.

"ನೋಡ್ರಪ್ಪಾ," ಅಂದಳು ಕೆಂಪಾಜಿ. "ನನ್ನ ಗಡಿಗೇಲಿ ಉಣ್ತೀರಿ, ಬಿಟ್ಟೂ ಹೋಗ್ತೀರಿ. ಆಗಲಿ. ಬರಿ ಪಾತ್ರೆ ಕೊಡಬಾರದು ಅನ್ನೋದು ನಮ್ಮಲ್ಲೂ ಇದೆ. ಆದ್ರೆ ನಾವು ಏನು ಹಾಕಿದ್ದೀವಿ ಅಂತ ಮುಚ್ಚಳ ತೆಗೆದ ತಕ್ಷಣ ಗೊತ್ತಾಗುತ್ತೆ. ಬೆಲ್ಲ ಹಾಕಿದ್ರೆ ಬೆಲ್ಲ ಕಾಣುತ್ತೆ. ನೀವು ಏನು ಇಟ್ಟು ಹೋಗಿದ್ದೀರಿ ಅಂತ ನನಗೆ ಗೊತ್ತಾಗಬೇಕು. ಕಣ್ಣಿಗೋ, ಮೂಗಿಗೋ, ನಾಲಿಗೆಗೋ, ಯಾವುದಕ್ಕಾದ್ರೂ. ಅಷ್ಟೇ ನಾನು ಕೇಳೋದು."

ಕಾಣದ ಮಂದಿ ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ಕೇಳಿದ್ದು ನ್ಯಾಯವಾಗಿದೆ ಅನ್ನಿಸಿತು. ಮೊದಲು ಎದ್ದದ್ದು ದೊಡ್ಡ ಬಾಯಿಯ ಒಂದು ಪಂಗಡ.

"ನಾವು ನಾರ್ತೀವಿ! ಲೋಳೆನೂ ಬಿಡ್ತೀವಿ. ನಾವು ಕೂತ ಕಡೆ ನಿನ್ನ ನಾಯಿ ಕೂಡ ಮೂಗು ಹಾಕಬಾರದು, ಹಾಗೆ ನಾರ್ತೀವಿ!"

"ಒಳ್ಳೇದಾಯ್ತು," ಅಂದಳು ಕೆಂಪಾಜಿ. "ನಿಮ್ಮನ್ನ ನೋಡಿದ್ರೆ ಎತ್ತಿ ತಿಪ್ಪೆಗೆ ಎಸೀತೀನಿ."

"ಎಸಿ! ತಿಪ್ಪೇಲೂ ನಮಗೆ ಊಟ ಇದೆ!" ಅಂತ ಅವರು ನಕ್ಕರು. ಅವತ್ತಿನಿಂದ ಅವರು ಮಾತು ತಪ್ಪಿಲ್ಲ. ಹಳಸಿದ ಅನ್ನದ ಮುಚ್ಚಳ ತೆಗೆದು ನೋಡು, ಗೊತ್ತಾಗುತ್ತೆ.

ಆಮೇಲೆ ಮೊದಲಿನ ಮೆತ್ತನೆಯ ದನಿಯವರು ಹೇಳಿದರು. "ನಾವು ಹುಳಿ ಇಡ್ತೀವಿ. ನಾಲಿಗೆಗೆ ತಾಕಿದ ತಕ್ಷಣ ನಾವೇ ಅಂತ ಗೊತ್ತಾಗುತ್ತೆ. ಆ ಹುಳಿ ನಿನ್ನ ಮಗೂಗೆ ಕೆಟ್ಟದ್ದು ಮಾಡಲ್ಲ."

"ಹಾಗಾದ್ರೆ ಎಲ್ಲರೂ ಒಪ್ಪಿದ್ರಾ?" ಅಂತ ಕೆಂಪಾಜಿ ಕೇಳಿದಳು.

"ಹೂಂ!" ಅಂದರು. ಗಡಿಗೆ ಅದುರುವ ಹಾಗೆ ಅಂದರು. ಆದರೆ ಹುಳಿಯವರು ಪಿಸುಗುಟ್ಟಿದರು.

"ತಾಯಿ, ಮೂಲೆಯಲ್ಲಿ ಒಂದು ಗುಂಪು ಕೂತಿದೆ. ಅವರು ಹೂಂ ಅನ್ನಲಿಲ್ಲ."

ಕೆಂಪಾಜಿ ಇನ್ನೊಮ್ಮೆ ಕಿವಿ ಇಟ್ಟು ಕೇಳಿದಳು. "ಮೂಲೆಯಲ್ಲಿರೋರೇ, ನೀವೇನು ಹೇಳ್ತೀರಿ?"

ಮೂಲೆಯಿಂದ ಸದ್ದೇ ಬರಲಿಲ್ಲ. ಹುಳಿಯೂ ಇಲ್ಲ, ನಾತವೂ ಇಲ್ಲ. ಅವರು ಆಗಲೂ ಸುಮ್ಮನೆ ತಿನ್ನುತ್ತಾ ಕೂತಿದ್ದರು. ಅವಳ ಮಗುವಿನ ಹೊಟ್ಟೆ ಕೆಡಿಸಿದ್ದು ಅವರೇ.

ಕೆಂಪಾಜಿ ಮತ್ತೆ ಹುಳಿಯವರನ್ನೇ ಕೇಳಿದಳು. "ಹೂಂ ಅನ್ನದೇ ಇರೋರನ್ನ ನಾನು ಹೇಗೆ ಹಿಡೀಲಿ? ವಾಸನೆ ಇಲ್ಲ, ರುಚಿ ಇಲ್ಲ, ಹಾಲು ಹಾಲಿನ ಹಾಗೇ ಇರುತ್ತೆ. ಸಂಜೆ ಮಗು ಹಸಿವು ಅಂತ ಅಳುತ್ತೆ. ಕೊಡಲಾ ಬಿಡಲಾ?"

"ಅವರನ್ನ ಹಿಡಿಯೋಕೆ ಆಗಲ್ಲ, ಓಡಿಸಬಹುದು," ಅಂದರು ಹುಳಿಯವರು. "ನಾಳೆಯ ಹಾಲನ್ನ ಬೆಂಕಿಗೆ ತೋರಿಸು. ಎಲ್ಲರೂ ಖಾಲಿಯಾದ ಮೇಲೆ ನಮ್ಮನ್ನ ಮಾತ್ರ ಒಳಗೆ ಬಿಡು. ನಾವು ಬೇಗ ಬೇಗ ತಿಂದು ಎಷ್ಟು ಹುಳಿ ಮಾಡ್ತೀವಿ ಅಂದ್ರೆ, ಆಮೇಲೆ ಬಂದ ಅವರಿಗೆ ಅಲ್ಲಿ ಕೂರೋಕೆ ಆಗಬಾರದು. ಹುಳಿ ಅವರಿಗೆ ಸೇರಲ್ಲ. ಒಂದು ಚಿಪ್ಪು ತಗೊಂಡು ಬಾ, ನಮ್ಮಲ್ಲಿ ಕೆಲವರು ಒಂದು ಕಡೆ ಸೇರಿಕೊಳ್ತೀವಿ, ಎತ್ತಿಡು."

ಕೆಂಪಾಜಿ ತೆಂಗಿನ ಚಿಪ್ಪಿನಲ್ಲಿ ಅವರನ್ನು ಎತ್ತಿಟ್ಟುಕೊಂಡಳು. ಆಮೇಲೆ ಒಲೆಯ ಬೆಂಕಿಯನ್ನು ಮಾತಾಡಿಸಿದಳು. ಆ ಕಾಲದಲ್ಲಿ ಒಲೆಯಲ್ಲಿ ಗೆಡ್ಡೆ ಸುಡುತ್ತಿದ್ದರು, ಚಳಿ ಕಾಯಿಸಿಕೊಳ್ಳುತ್ತಿದ್ದರು. ಹಾಲನ್ನು ಯಾರೂ ಬೆಂಕಿಯ ಮೇಲೆ ಇಟ್ಟಿರಲಿಲ್ಲ.

"ಬೆಂಕಿಯಪ್ಪಾ, ಕಾಣದ ಮಂದೀನ ನೀನು ಓಡಿಸ್ತೀಯಂತೆ."

"ಓಡಿಸೋದಲ್ಲ, ಸಾಯಿಸ್ತೀನಿ," ಅಂದಿತು ಬೆಂಕಿ. ಅದಕ್ಕೆ ಮೊದಲಿನಿಂದಲೂ ಸ್ವಲ್ಪ ಸಿಟ್ಟು ಜಾಸ್ತಿ. "ಚೆನ್ನಾಗಿ ಉಕ್ಕಿ ಬರಲಿ, ಒಳಗಿದ್ದೋರು ಹೋಗ್ತಾರೆ. ಆದ್ರೆ ಎರಡು ಮಾತು ಕೇಳಿಸ್ಕೋ. ಅವರು ಮೊದಲೇ ತಿಂದು ವಿಷ ಹಾಕಿಬಿಟ್ಟಿದ್ರೆ, ಅದನ್ನ ತೆಗೆಯೋಕೆ ನನ್ನ ಕೈಲಿ ಎಲ್ಲಾ ಸಲ ಆಗಲ್ಲ. ಕೆಟ್ಟ ಮೇಲೆ ತಂದು ಕುದಿಸು ಅನ್ನಬೇಡ, ಕೆಡೋ ಮೊದಲು ತಾ. ಇನ್ನೊಂದು, ನಾನು ಆ ಕಡೆ ತಿರುಗಿದ್ರೆ ಗಾಳಿ ಮತ್ತೆ ಹೊಸಬರನ್ನ ತಂದು ಹಾಕುತ್ತೆ. ದಿನವಿಡೀ ನಿನ್ನ ಹಾಲು ಕಾಯ್ತಾ ಕೂರು ಅಂದ್ರೆ ನನಗಾಗಲ್ಲ. ಹಾಲು ತಳ ಹತ್ತುತ್ತೆ, ನಿನ್ನ ಸೌದೆನೂ ಮುಗಿಯುತ್ತೆ."

"ಕಾಯೋಕೆ ಬೇರೆಯವರು ಬರ್ತಾರೆ," ಅಂದಳು ಕೆಂಪಾಜಿ.

ಮಾರನೆಯ ಬೆಳಿಗ್ಗೆ ಕೈ ತೊಳೆದುಕೊಂಡು ಹಾಲು ಕರೆದಳು. ಮಗುವಿಗೆ ಕುಡಿಸಿ, ಉಳಿದದ್ದನ್ನು ಹೊಸ ಗಡಿಗೆಗೆ ಹಾಕಿ ಒಲೆಯ ಮೇಲೆ ಇಟ್ಟಳು. ಹಾಲು ಬುಸ್ ಅಂತ ಉಕ್ಕಿ ಬಂತು. ಕೆಳಗಿಳಿಸಿದಳು. ಇನ್ನು ಹುಳಿಯವರನ್ನು ಬಿಡಬೇಕು. ಹಾಲು ತುಂಬಾ ಬಿಸಿಯಿತ್ತು, ಇದು ಅವರಿಗೆ ಆಗುತ್ತೋ ಇಲ್ಲವೋ ಅಂತ ಅವಳಿಗೆ ಅನುಮಾನ ಬಂತು. ಸ್ವಲ್ಪ ಆರಲಿ ಅಂತ ಪಕ್ಕಕ್ಕೆ ಇಟ್ಟಳು.

ಅಷ್ಟರಲ್ಲಿ ದುಂಡವ್ವ ಬಂದಳು. ಈ ಅತ್ತೆ ಕೆಟ್ಟವಳಲ್ಲ ಕಣೇ. ಆದರೆ ಮನೆಗೆ ಬಂದವರ ಉಪಚಾರದಲ್ಲಿ ಒಂದು ಕೂದಲೆಳೆಯಷ್ಟೂ ಕಮ್ಮಿಯಾಗಬಾರದು ಅನ್ನುವವಳು. ದಾರಿಯಲ್ಲಿ ಹೋಗುವವರನ್ನೂ ಕರೆದು ಕೂರಿಸಿ ಬಿಸಿಬಿಸಿ ಬಡಿಸುವ ಹೆಂಗಸು.

"ಏನೇ ಇದು, ಚಿಪ್ಪಿನಲ್ಲಿ ಯಾರೋ ನೆಂಟರು ಕಾಯ್ತಾ ಇದ್ದಾರೆ, ನೀನು ಹಾಲು ಆರಿಸ್ತಾ ಕೂತಿದ್ದೀಯ?"

"ಸ್ವಲ್ಪ ತಣ್ಣಗಾಗಲಿ ಅಂತ, ಅತ್ತೆ."

"ತಣ್ಣಗಾಗಲಿ ಅಂತೆ! ನಮ್ಮ ಮಗು ಉಳಿಸೋಕೆ ಬಂದೋರಿಗೆ ಆರಿದ್ದು ಕೊಡ್ತೀಯಾ? ನಮ್ಮ ಮನೆತನದಲ್ಲಿ ಯಾರಿಗೂ ತಣ್ಣಗಿದ್ದದ್ದು ಇಟ್ಟಿಲ್ಲ. ತಾ ಇಲ್ಲಿ!"

ಅಂತ ಹೇಳಿ, ಹಬೆಯಾಡುತ್ತಿದ್ದ ಹಾಲಿಗೆ ಚಿಪ್ಪನ್ನು ಬಗ್ಗಿಸಿಯೇಬಿಟ್ಟಳು.

ಏನಾಯಿತು ಅಂತ ನೀನೇ ಹೇಳು. ಹೌದು. ಒಬ್ಬರೂ ಉಳಿಯಲಿಲ್ಲ. ಒಳಗಿದ್ದೋರು ಹೋಗ್ತಾರೆ ಅಂತ ಬೆಂಕಿ ಹೇಳಿತ್ತಲ್ಲ, ಬಿಸಿಗೆ ನಮ್ಮವರು ನಿಮ್ಮವರು ಅಂತ ಭೇದ ಇಲ್ಲ.

ಸಂಜೆಗೆ ಕೆಂಪಾಜಿ ಆಸೆಯಿಂದ ಮುಚ್ಚಳ ತೆಗೆದಳು. ಹಾಲು ಹಾಲಾಗೇ ಇತ್ತು. ಬೆರಳ ತುದಿಯಿಂದ ನಾಲಿಗೆಗೆ ಮುಟ್ಟಿಸಿಕೊಂಡಳು. ಹುಳಿ ಇಲ್ಲ. ಅಂದರೆ ಕಾಯುವವರು ಇಲ್ಲ. ಬೆಳಿಗ್ಗೆಯಿಂದ ಗಾಳಿ ಯಾರು ಯಾರನ್ನು ತಂದು ಹಾಕಿದೆಯೋ, ಮೂಲೆಯವರು ಬಂದು ಕೂತಿದ್ದಾರೋ ಇಲ್ಲವೋ, ಹೇಗೆ ಗೊತ್ತಾಗಬೇಕು?

ಚಿಕ್ಕತಾಯಿ ಚಾಪೆಯ ಮೇಲಿಂದ ತಲೆ ಎತ್ತಿದಳು. "ಅವ್ವಾ, ಹಾಲು ಕೊಡವ್ವಾ."

"ಇಲ್ಲ ಕಂದಾ."

"ಅದರಲ್ಲಿ ಐತಲ್ಲವ್ವಾ."

ಕೆಂಪಾಜಿ ಆ ಹಾಲನ್ನು ತೆಗೆದುಕೊಂಡು ಹೋಗಿ ಮಗುವಿನ ಎದುರಿಗೇ ತಿಪ್ಪೆಗೆ ಸುರಿದಳು. ಮಗು ಬಿಕ್ಕಿ ಬಿಕ್ಕಿ ಅತ್ತಿತು, ಅಳುವುದಕ್ಕೂ ಶಕ್ತಿ ಸಾಲದೆ ಸುಮ್ಮನಾಯಿತು. ಅಳುವ ಮಗುವಿಗಿಂತ ಅಳು ನಿಲ್ಲಿಸಿದ ಮಗುವನ್ನು ನೋಡುವುದು ಕಷ್ಟ. ಕೆಂಪಾಜಿ ಅದರ ಬೆನ್ನು ಸವರುತ್ತಾ ಕೂತಳು.

ಬೇರೆ ಹುಳಿಯವರು ಇಲ್ಲವೇ, ಅವರನ್ನೇ ಕರೆಯಬಹುದಿತ್ತಲ್ಲ ಅಂತೀಯಾ? ಕರೆದಳು. ಮಿಕ್ಕವರೆಲ್ಲ ಹಳೆಯ ಗಡಿಗೆಯಲ್ಲೇ ಇದ್ದರು, ಅಲ್ಲಿಗೆ ಹೋಗಿ ಬಾಯಿಬಿಟ್ಟು ಕೇಳಿದಳು.

"ಬರಲ್ಲ ತಾಯಿ," ಅಂದರು ಅವರು. "ಕರೆದು ಕೂರಿಸಿ ಬೇಯಿಸಿದ್ರಲ್ಲ. ನಮ್ಮ ಕಡೆ ಎಲ್ಲರಿಗೂ ಸುದ್ದಿ ಮುಟ್ಟಿದೆ. ಇನ್ನು ನಿಮ್ಮ ಮನೆಗೆ ನಮ್ಮೋರು ಕಾಲಿಡಲ್ಲ."

ದುಂಡವ್ವ ಮೂಲೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಏನೂ ತೋಚದೆ, ಕೈಗೆ ಒಂದು ಕೆಲಸ ಇರಲಿ ಅಂತ, ಆ ಚಿಪ್ಪನ್ನು ತಿಕ್ಕಲು ಒಲೆಯ ಬೂದಿ ತೆಗೆದುಕೊಂಡಳು.

"ಅತ್ತೆ, ತಡೀರಿ!" ಅಂತ ಕೆಂಪಾಜಿ ಓಡಿ ಬಂದು ಚಿಪ್ಪು ಕಿತ್ತುಕೊಂಡಳು. ಬಗ್ಗಿಸುವಾಗ ಎಲ್ಲವೂ ಬೀಳುವುದಿಲ್ಲವಲ್ಲ? ಚಿಪ್ಪಿನ ಒಳಮೈಗೆ ಬೆಳ್ಳಗೆ ತೆಳ್ಳಗೆ ಒಂದು ಪದರ ಅಂಟಿಕೊಂಡಿತ್ತು. ಅವಳು ಅದಕ್ಕೆ ಕಿವಿ ಇಟ್ಟಳು.

"ಇದ್ದೀರಾ?"

ಸಣ್ಣದೊಂದು ದನಿ ಬಂತು. "ಕೆಲವರು ಇದ್ದೀವಿ. ಹೆದರಿಕೊಂಡಿದ್ದೀವಿ."

ದುಂಡವ್ವ ನೆಲಕ್ಕೆ ಹಣೆ ಹಚ್ಚಿಬಿಟ್ಟಳು. "ನನ್ನದು ತಪ್ಪಾಯ್ತು ಕಣ್ರಪ್ಪಾ. ನಿಮಗೆ ಬಿಸಿ ಆಗಲ್ಲ ಅಂತ ನನಗೆ ಗೊತ್ತಿರಲಿಲ್ಲ. ನನ್ನ ಮೇಲಿನ ಸಿಟ್ಟು ಮಗು ಮೇಲೆ ತೀರಿಸಬೇಡಿ."

ಚಿಪ್ಪಿನವರು ಯೋಚನೆ ಮಾಡಿದರು. ಯೋಚನೆ ಮಾಡಿ ಹೇಳಿದರು, "ಇನ್ನೊಂದು ಸಲ ಬರ್ತೀವಿ. ತೀರಾ ಬಿಸಿ ನಮಗೆ ಸಾವು. ತೀರಾ ತಣ್ಣಗಿದ್ರೆ ನಮಗೆ ನಿದ್ದೆ, ಕೆಲಸ ಸಾಗಲ್ಲ. ತೊಳೆದ ಕಿರುಬೆರಳು ಅದ್ದಿ ನೋಡು. ಬೆರಳಿಗೆ ಹಿತವಾಗಿದ್ರೆ ನಮಗೂ ಹಿತ. ಆಮೇಲೆ ಮುಚ್ಚಿಡು, ಅಲ್ಲಾಡಿಸಬೇಡ. ಕೂತು ಉಣ್ಣೋರನ್ನ ಎಬ್ಬಿಸಬಾರದು."

"ಹಾಗೇ ಆಗಲಿ."

"ಇನ್ನೂ ಒಂದಿದೆ ತಾಯಿ. ನಾವು ಮಾಡಿದ್ದನ್ನ ನೀವು ತಿನ್ನಿ, ಜೊತೆಗೆ ನಮ್ಮನ್ನೂ ತಿನ್ನಿ, ಬೇಜಾರಿಲ್ಲ. ಆದ್ರೆ ಪ್ರತಿ ಸಲ ನಮ್ಮಲ್ಲಿ ಕೆಲವರನ್ನಾದ್ರೂ ಉಳಿಸಬೇಕು. ಅವರು ಮಾರನೆಯ ಹಾಲಿಗೆ ಹೋಗಬೇಕು. ಒಂದೇ ಒಂದು ಸಲ ಪೂರ್ತಿ ಮುಗಿಸಿದ್ರೂ, ಈ ಮನೆಗೆ ನಮ್ಮ ಕಡೆಯವರು ಇನ್ನು ಯಾರೂ ಉಳಿದಿರಲ್ಲ. ನೆನಪಿರಲಿ."

"ಮಾತು ಕೊಟ್ಟೆ," ಅಂದಳು ಕೆಂಪಾಜಿ. ಆಗ ಅವಳಿಗೆ ಅದು ಸುಲಭದ ಮಾತು ಅನ್ನಿಸಿತ್ತು.

ಮರುದಿನ ಬೆಳಿಗ್ಗೆ ಎಮ್ಮೆ ಹಾಲು ಕೊಟ್ಟಿತು, ಬೆಂಕಿ ಉಕ್ಕಿಸಿತು. ಮಗು ಆವತ್ತು ಬೆಳಿಗ್ಗೆಯ ಹಾಲನ್ನೂ ಸರಿಯಾಗಿ ಕುಡಿಯಲಿಲ್ಲ, ಎರಡು ಗುಟುಕು ಕುಡಿದು ಕಣ್ಣು ಮುಚ್ಚಿತು. ಕೆಂಪಾಜಿ ಹಾಲನ್ನು ಕೆಳಗಿಳಿಸಿ ಕಾಯುತ್ತಾ ಕೂತಳು. ದುಂಡವ್ವನ ಬಾಯಿ ತುರಿಸುತ್ತಿತ್ತು, ಆದರೂ ತುಟಿ ಬಿಚ್ಚಲಿಲ್ಲ. ಕಿರುಬೆರಳು ಅದ್ದಿದರೆ ಸುಡುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ನೋಡಿದಳು, ಮಗುವಿನ ಮೈಯಷ್ಟೇ ಬೆಚ್ಚಗಿತ್ತು. ಚಿಪ್ಪಿನ ಒಳಗಿನದನ್ನು ಆ ಹಾಲಿನಲ್ಲೇ ಕದಡಿ ಗಡಿಗೆಗೆ ಬಿಟ್ಟಳು. ಮುಚ್ಚಿ, ಒಲೆಯ ಬೆಚ್ಚನೆಯ ಪಕ್ಕದಲ್ಲಿ ಇಟ್ಟಳು.

ಮಧ್ಯಾಹ್ನ ಗಾಳಿ ಎಂದಿನ ಹಾಗೆ ಮನೆಯೊಳಗೆ ಸುತ್ತಾಡಿತು. ಅದರ ಮೈಮೇಲೆ ಮೂಲೆಯವರೂ ಇದ್ದರು. ಮುಚ್ಚಳದ ಸಂದಿಯಲ್ಲಿ ಕೆಲವರು ಇಳಿದರು. ಇಳಿದರೆ ಏನು, ಒಳಗೆ ಕೂರಲು ಜಾಗ ಇಲ್ಲ! ಹುಳಿಯವರು ಒಬ್ಬರು ಇಬ್ಬರಾಗಿ, ಇಬ್ಬರು ನಾಲ್ವರಾಗಿ, ಹಾಲಿನ ಸಿಹಿಯನ್ನೆಲ್ಲ ಬಾಚಿ ತಿನ್ನುತ್ತಾ, ಹುಳಿಯ ಮೇಲೆ ಹುಳಿ ಇಡುತ್ತಿದ್ದರು. ಆ ಹುಳಿಗೆ ಹಾಲು ತಾನೇ ಗಟ್ಟಿಯಾಗಿ ನಿಂತಿತು. ಮೂಲೆಯವರಿಗೆ ಅಲ್ಲಿ ಬಾಳುವುದಕ್ಕೆ ಆಗಲಿಲ್ಲ.

ಸಂಜೆ ಕೆಂಪಾಜಿ ಮುಚ್ಚಳ ತೆಗೆದಳು. ಗಡಿಗೆಯನ್ನು ವಾಲಿಸಿದರೆ ಹಾಲು ಹರಿಯಲಿಲ್ಲ. ಬೆಳ್ಳಗೆ, ನುಣ್ಣಗೆ, ಒಟ್ಟಿಗೇ ನಿಂತಿತ್ತು. ನಾಲಿಗೆಗೆ ಇಟ್ಟುಕೊಂಡಳು. ಹುಳಿ! ಅವಳಿಗೆ ನಗು, ಅಳು ಎರಡೂ ಬಂತು.

"ಅತ್ತೆ, ಹುಳಿ ಐತೆ! ಬಂದಿದ್ದಾರೆ!"

ಚಿಕ್ಕತಾಯಿಯನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಬೆರಳಿನಲ್ಲಿ ಸ್ವಲ್ಪ ನೆಕ್ಕಿಸಿದಳು. ಮಗು ಮುಖ ಕಿವುಚಿಕೊಂಡಿತು. ಆಮೇಲೆ ಬಾಯಿ ತೆರೆಯಿತು. ಇನ್ನೊಂದು ಬೆರಳು. ಇನ್ನೂ ಒಂದು. ಗಡಿಗೆಯಲ್ಲಿ ಇದ್ದದ್ದೇ ಸ್ವಲ್ಪ, ಮಗು ನಿಧಾನವಾಗಿ ತಿನ್ನುತ್ತಲೇ ಹೋಯಿತು. ಇಬ್ಬರು ಹೆಂಗಸರೂ ನೋಡುತ್ತಾ ಕೂತರು. ವಾಂತಿ ಆಗಲಿಲ್ಲ. ಹೊಟ್ಟೆ ನೋಯಲಿಲ್ಲ. ದಕ್ಕಿತು.

ಗಡಿಗೆಯ ತಳ ಕಂಡಿತು. ತಳದಲ್ಲಿ ಒಂದು ಚಿಪ್ಪಿನಷ್ಟು ಮಾತ್ರ ಉಳಿದಿತ್ತು. ಚಿಕ್ಕತಾಯಿ ಗಡಿಗೆಯ ಒಳಗೆ ಇಣುಕಿ ನೋಡಿ ಕೈ ಚಾಚಿದಳು.

"ಅವ್ವಾ, ಇನ್ನೂ ಬೇಕು."

ಇಷ್ಟು ದಿನ ಒಂದು ತುತ್ತು ತಿನ್ನು ಅಂತ ಅಂಗಲಾಚಿದ ತಾಯಿ ಅವಳು. ಈಗ ಮಗುವೇ ಬಾಯಿಬಿಟ್ಟು ಬೇಕು ಅನ್ನುತ್ತಿದೆ, ಗಡಿಗೆಯಲ್ಲಿ ಕಣ್ಣೆದುರಿಗೇ ಇದೆ. ಕೆಂಪಾಜಿ ಗಡಿಗೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಇಲ್ಲ ಕಂದಾ. ಇದು ಕೊಡೋ ಹಾಗಿಲ್ಲ."

"ಹಸಿವಾಗ್ತದವ್ವಾ!"

ಮಗು ಜೋರಾಗಿ ಅತ್ತಿತು. ಎಷ್ಟೋ ದಿನದಿಂದ ಅಷ್ಟು ಜೋರಾಗಿ ಅಳಲು ಅದಕ್ಕೆ ತ್ರಾಣವೇ ಇರಲಿಲ್ಲ.

"ಕೊಡೇ ಅದನ್ನ!" ಅಂದಳು ದುಂಡವ್ವ. "ಹಸಿದ ಮಗು ಕೇಳ್ತಾ ಇದೆ. ಒಂದು ಚಿಪ್ಪಿಗೆ ಹೀಗೆ ಕೈ ಬಿಗಿ ಹಿಡೀತೀಯಲ್ಲ, ನಿನಗೆ ಕರುಳಿಲ್ಲವೇನೇ?"

"ಕರುಳಿದೆ ಅತ್ತೆ, ಅದಕ್ಕೇ ಕೊಡಲ್ಲ," ಅಂದಳು ಕೆಂಪಾಜಿ. ಅತ್ತೆಗೆ ಎದುರು ಮಾತಾಡಿದ್ದು ಅವಳು ಅದೇ ಮೊದಲು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ಗಡಿಗೆ ಬಿಡಲಿಲ್ಲ. "ಇದನ್ನ ಇವತ್ತು ಕೊಟ್ರೆ ಇವತ್ತು ಸುಮ್ಮನಾಗ್ತಾಳೆ. ನಾಳೆ ಸಂಜೆ ಏನು ಕೊಡಲಿ? ನಾಡಿದ್ದು ಏನು ಕೊಡಲಿ?"

ದುಂಡವ್ವ ಎದ್ದು ಹೋಗಿ ತಾನೇ ಒಂದು ಮುಚ್ಚಳ ತಂದು ಗಡಿಗೆಯ ಮೇಲೆ ಇಟ್ಟಳು. ಆಮೇಲೆ ಅಳುವ ಮೊಮ್ಮಗಳನ್ನು ಸೊಂಟಕ್ಕೆ ಹಾಕಿಕೊಂಡು, ಎಮ್ಮೆ ತೋರಿಸುತ್ತೀನಿ ಬಾ ಅಂತ ಹೊರಗೆ ಕರೆದುಕೊಂಡು ಹೋದಳು.

ಮಾರನೆಯ ದಿನ ಆ ಒಂದು ಚಿಪ್ಪು ಇನ್ನೊಂದು ಗಡಿಗೆಯನ್ನು ತುಂಬಿಸಿತು. ಅದರ ಮಾರನೆಯ ದಿನ ಮತ್ತೊಂದನ್ನು. ಚಿಕ್ಕತಾಯಿ ಮೊದಲು ಗೋಡೆ ಹಿಡಿದು ನಿಂತಳು, ಆಮೇಲೆ ಕರುವಿನ ಹಿಂದೆ ಓಡಿದಳು. ಅವಳ ಅಪ್ಪ ಉಪ್ಪು ಹೊತ್ತು ಬಂದಾಗ ಅವನಿಗೆ ಅಡ್ಡ ಬಂದು ಬೀಳಿಸುವಷ್ಟು ಗಟ್ಟಿಯಾಗಿದ್ದಳು. ಅವಳು ದೊಡ್ಡವಳಾಗಿ ಗಂಡನ ಮನೆಗೆ ಹೋಗುವಾಗ ಕೆಂಪಾಜಿ ಒಂದು ಸಣ್ಣ ಕುಡಿಕೆಯಲ್ಲಿ ಆ ಹುಳಿಯವರನ್ನು ಕಳಿಸಿಕೊಟ್ಟಳು. ಅಲ್ಲಿಂದ ಪಕ್ಕದ ಮನೆಗೆ, ಪಕ್ಕದ ಮನೆಯಿಂದ ಪಕ್ಕದ ಊರಿಗೆ, ಹಾಗೇ ಕೈಯಿಂದ ಕೈಗೆ ನಡೆದು ಅವರು ನಮ್ಮ ಮನೆಗೂ ಬಂದರು.

ಮೂಲೆಯವರು ಇವತ್ತಿಗೂ ಹೂಂ ಅಂದಿಲ್ಲ. ನಿನ್ನೆಯ ಸಾರಿಗೆ ಮೂಗು ಇಟ್ಟು, ವಾಸನೆ ಇಲ್ಲ ಅಜ್ಜಿ, ಹಾಗೇ ಹಾಕು ಅಂತೀಯಲ್ಲ, ಅದಕ್ಕೇ ನಾನು ಬೈಯೋದು. ನಾರಿದರೆ ಎಸೆಯಬೇಕು, ಅದು ಸರಿ. ನಾರದೇ ಇದ್ದರೆ ಚೆನ್ನಾಗಿದೆ ಅಂತ ಅಲ್ಲ. ಹೊತ್ತಿಗೆ ಸರಿಯಾಗಿ ತಿನ್ನಬೇಕು, ಉಳಿದದ್ದನ್ನು ಆಗಲೇ ಫ್ರಿಜ್ಜಿಗೆ ಸೇರಿಸಬೇಕು, ತೆಗೆದಾಗ ಚೆನ್ನಾಗಿ ಕುದಿಯೋ ಹಾಗೆ ಬಿಸಿ ಮಾಡಬೇಕು, ಎಷ್ಟು ಹೊತ್ತು ಹೊರಗಿತ್ತು ಅಂತ ಗೊತ್ತಿಲ್ಲದ್ದನ್ನು ಮುಟ್ಟಲೇಬಾರದು. ನಾತದವರು ಕೂಗಿ ಹೇಳ್ತಾರೆ, ಹುಳಿಯವರು ನಾಲಿಗೆಗೆ ಹೇಳ್ತಾರೆ, ಇವರು ಯಾರಿಗೂ ಹೇಳಲ್ಲ.

ಅದಕ್ಕೇ ಮಗಾ, ಇವತ್ತಿಗೂ ಊಟದ ಕೊನೆಯಲ್ಲಿ ನೀನು ತಟ್ಟೆ ಹಿಡಿದು ಎಷ್ಟೇ ಗೋಗರೆದರೂ, ನೀನು ಅಂದರೆ ಪ್ರಾಣ ಬಿಡುವ ನಿಮ್ಮಮ್ಮ ಪಾತ್ರೆಯ ತಳದ ಒಂದು ಚಮಚ ಮೊಸರನ್ನು ನಿನಗೆ ಹಾಕದೆ, "ಅದು ಹೆಪ್ಪಿಗೆ" ಅಂತ ಮುಚ್ಚಿಡುವುದು.